ಐದೂವರೆ ಚದರ ಮೀಟರ್: ಹುಬ್ಬಳ್ಳಿಯ ಗೋದಾಮಿನಲ್ಲಿ ಆರಿಸಿದ ಕಡಲಿನ ರೆಕ್ಕೆ

ನಮ್ಮದು ತಾಡಪತ್ರಿಯ ಅಂಗಡಿ. ಲಾರಿಗೆ ಹೊದಿಸುವ ತಾಡಪತ್ರಿ, ಮದುವೆಯ ಶಾಮಿಯಾನ, ಕಣದಲ್ಲಿ ಹಾಸುವ ಹಾಳೆ, ಮಳೆಗಾಲಕ್ಕೆ ಅಂಗಡಿಗಳ ಮುಂದೆ ಇಳಿಬಿಡುವ ಹೊದಿಕೆ. ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಮೂವತ್ತೆರಡು ವರ್ಷಗಳಿಂದ ಇದನ್ನೇ ಹೊಲಿಯುತ್ತಿದ್ದೇವೆ. ಕಡಲಿನ ಆಟಕ್ಕೂ ನನಗೂ ನಂಟಿಲ್ಲ. ನನಗೆ ಈಜು ಕೂಡ ಬರುವುದಿಲ್ಲ. ಹೀಗಿರುವಾಗ ಹೋದ ವರ್ಷ ಸೆಪ್ಟೆಂಬರಿನ ಒಂದು ಸಂಜೆ ಅಕ್ಕನ ಮಗ ಬೆನ್ನಿನ ಮೇಲೊಂದು ಉದ್ದನೆಯ ಚೀಲ ಹೊತ್ತು ಬಂದು, ಅದನ್ನು ಗಲ್ಲೆಯ ಪಕ್ಕ ಇಳಿಸಿ, "ಮಾಮಾ, ಈ ಬಟ್ಟೆ ಇನ್ನು ಎಷ್ಟು ವರ್ಷ ಬಾಳುತ್ತದೆ, ನೋಡಿ ಹೇಳಿ" ಎಂದ.

ಚೀಲದಲ್ಲಿದ್ದದ್ದು ಗಾಳಿ ತುಂಬುವ ಒಂದು ವಿಂಗ್. ನಾಲ್ಕು ಚದರ ಮೀಟರಿನದು, ಮೂರು ವರ್ಷ ಹಳೆಯದು. ಕರಾವಳಿಯ ಪರಿಚಿತರೊಬ್ಬರು ಅರ್ಧ ಬೆಲೆಗೆ ಕೊಡುತ್ತೇನೆಂದು ಒಂದು ವಾರ ನೋಡಿಕೊಳ್ಳಲು ಬಿಟ್ಟಿದ್ದರು. ಅರ್ಧ ಬೆಲೆಯೆಂದರೂ ಓಡುವ ಹಳೆಯ ಬೈಕೊಂದು ಬರುತ್ತದೆ. ಅವನು ಕೇಳಿದ್ದು ಬಟ್ಟೆಯ ಆಯುಷ್ಯ. ಮುಂದಿನ ಐದು ವಾರ ನಾವು ಕೂತು ಬಗೆಹರಿಸಿದ್ದು ಬೇರೆಯೇ ಪ್ರಶ್ನೆ: ಅವನಿಗೆ ಎಷ್ಟು ದೊಡ್ಡ ವಿಂಗ್ ಬೇಕು?

ಈ ಆಟ ಕಾಣದವರಿಗಾಗಿ ನಾಲ್ಕು ಮಾತು. ವಿಂಗ್ ಫಾಯ್ಲಿಂಗ್‌ನಲ್ಲಿ ಸವಾರ ಒಂದು ಹಲಗೆಯ ಮೇಲೆ ನಿಲ್ಲುತ್ತಾನೆ. ಹಲಗೆಯ ಅಡಿಯಲ್ಲಿ ಮುಕ್ಕಾಲು ಮೀಟರ್ ಆಸುಪಾಸಿನ ಒಂದು ಕಂಬ, ಕಂಬದ ತುದಿಯಲ್ಲಿ ಪುಟ್ಟ ವಿಮಾನದಂತೆ ಕಾಣುವ ಫಾಯಿಲ್. ಕೈಯಲ್ಲಿ ವಿಂಗ್: ಮುಂಭಾಗದಲ್ಲಿ ಗಾಳಿ ತುಂಬಿದ ದಪ್ಪ ಕೊಳವೆ, ನಡುವೆ ಇನ್ನೊಂದು ಕೊಳವೆ, ಎರಡಕ್ಕೂ ಬಿಗಿದ ತೆಳು ಬಟ್ಟೆ. ವಿಂಗ್ ಹಿಡಿದ ಗಾಳಿಯಿಂದ ಹಲಗೆಗೆ ವೇಗ ಬರುತ್ತದೆ, ವೇಗ ಬಂದಾಗ ಫಾಯಿಲ್ ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ, ಸವಾರ ನೀರನ್ನು ಮುಟ್ಟದೆ ಸಾಗುತ್ತಾನೆ. ಗಾಳಿಪಟದ ಹಾಗೆ ದಾರವಿಲ್ಲ, ಹಾಯಿದೋಣಿಯ ಹಾಗೆ ಪಟವನ್ನು ಕಂಬಕ್ಕೆ ಕಟ್ಟಿಲ್ಲ. ಕೈಬಿಟ್ಟರೆ ವಿಂಗ್ ನೀರಿನ ಮೇಲೆ ಸುಮ್ಮನೆ ತೇಲುತ್ತದೆ. ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟಿದ ಪಟ್ಟಿ ಅದನ್ನು ದೂರ ಹೋಗಲು ಬಿಡುವುದಿಲ್ಲ. ಸ್ಲಿಂಗ್‌ಶಾಟ್, ಡ್ಯುಯೋಟೋನ್, ನೇಶ್ ಮುಂತಾದ ಕಂಪನಿಗಳು ಈ ಬಗೆಯ ವಿಂಗ್‌ಗಳನ್ನು ಮಾರುಕಟ್ಟೆಗೆ ತಂದದ್ದು 2018–19ರ ಸುಮಾರಿಗೆ. ಹಾಗಾಗಿ ಈ ವಿದ್ಯೆಯಲ್ಲಿ ಅಜ್ಜನ ಕಾಲದ ಅನುಭವ ಎಂಬುದು ಯಾರ ಬಳಿಯೂ ಇಲ್ಲ.

ಹುಡುಗನ ವಿವರ ಹೀಗಿದೆ. ವಯಸ್ಸು ಮೂವತ್ತೊಂದು, ತೂಕ 72 ಕಿಲೋ, ಎತ್ತರ ಐದು ಅಡಿ ಐದು ಅಂಗುಲ. ವಿದ್ಯಾನಗರದ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಜುಲೈಯಲ್ಲಿ ರಾಮೇಶ್ವರಕ್ಕೆ ಹೋಗಿ ಐದು ದಿನ ಕಲಿತು ಬಂದಿದ್ದ. ನಾಲ್ಕನೆಯ ದಿನ, ಐದು ಚದರ ಮೀಟರಿನ ವಿಂಗ್ ಹಿಡಿದು, ಹತ್ತು ಹನ್ನೆರಡು ಸೆಕೆಂಡು ನೀರಿನ ಮೇಲೆ ಹಾರಿದ್ದ. ಆ ಹತ್ತು ಸೆಕೆಂಡಿನ ವಿಡಿಯೋ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದೆ. ಬಂದವನೇ ಹಳೆಯ ಹಲಗೆಯೊಂದನ್ನು ಫಾಯಿಲ್ ಸಮೇತ ಕೊಂಡುಬಿಟ್ಟಿದ್ದ. 110 ಲೀಟರಿನ ಹಲಗೆ (ಹಲಗೆ ಎಷ್ಟು ತೇಲುತ್ತದೆ ಎಂಬುದನ್ನು ಅದರ ಗಾತ್ರದ ಲೀಟರಿನಲ್ಲಿ ಹೇಳುತ್ತಾರೆ). ಕಲಿಯುವವನಿಗೆ ತೂಕದ ಅಂಕಿಗಿಂತ ಮೂವತ್ತು ನಲವತ್ತು ಲೀಟರ್ ಹೆಚ್ಚಿರಬೇಕು ಎಂಬ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಬಾಕಿ ಉಳಿದದ್ದು ವಿಂಗ್ ಒಂದೇ ಎಂದು ಅವನು ತಿಳಿದಿದ್ದ.

ಬಟ್ಟೆಯನ್ನು ಕೇಳಿದ್ದಕ್ಕೆ ಬಟ್ಟೆಯಿಂದಲೇ ಆರಂಭಿಸಿದೆವು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಹಾಸಿ, ನಮ್ಮ ಹಳೆಯ ಹೊಲಿಗೆಗಾರ ಕಾಕಾನನ್ನು ಕರೆದೆ. ಕಾಕಾ ಬಟ್ಟೆಯನ್ನು ಮೊದಲು ಕಣ್ಣಿನಿಂದ ನೋಡುವುದಿಲ್ಲ, ಕಿವಿಯ ಹತ್ತಿರ ಹಿಡಿದು ಹಿಸುಕುತ್ತಾನೆ. ವಿಂಗಿನ ಹಾಳೆ ಪಾಲಿಯೆಸ್ಟರ್. ಕೆಲವು ಮಿಲಿಮೀಟರಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ದಪ್ಪ ಎಳೆ ಹಾಕಿ ನೇಯ್ದಿರುತ್ತಾರೆ, ಹರಿದರೂ ಹರಿತ ಮುಂದಕ್ಕೆ ಓಡಬಾರದೆಂದು. ಅದರ ಮೇಲೊಂದು ಲೇಪ. ಬಟ್ಟೆಯನ್ನು ಎಳೆಯ ನೇರಕ್ಕೆ ಜಗ್ಗಿದರೆ ಹಿಗ್ಗುವುದಿಲ್ಲ, ಓರೆಯಾಗಿ ಜಗ್ಗಿದರೆ ಹಿಗ್ಗುತ್ತದೆ. ಅಂಗಿ ಹೊಲಿಯುವವರಿಗೂ ಇದು ಗೊತ್ತು. ಆ ಓರೆ ಹಿಗ್ಗನ್ನು ತಡೆಯುವುದು ಲೇಪ. ಬಿಸಿಲು, ಉಪ್ಪು, ಮರಳು, ಮಡಿಕೆ ಎಲ್ಲ ಸೇರಿ ತಿನ್ನುವುದು ಮೊದಲು ಅದನ್ನೇ. ಹೊಸ ಬಟ್ಟೆ ಹಿಸುಕಿದರೆ ಹೊಸ ನೋಟಿನಂತೆ ಗರಗರ ಎನ್ನುತ್ತದೆ. ಇದರ ನಡುಭಾಗ ಹಾಗೆ ಎಂದಿತು. ಹಿಂಬದಿಯ ಅಂಚಿನ ಒಂದು ಗೇಣು ಮಾತ್ರ ಒಗೆದ ಧೋತರದಂತೆ ಮೌನವಾಗಿತ್ತು. ನಾನು ಎರಡೂ ಕಡೆ ಓರೆಯಾಗಿ ಜಗ್ಗಿ ನೋಡಿದೆ: ನಡುವಿನದು ಬಗ್ಗಲಿಲ್ಲ, ಅಂಚಿನದು ಬಂದು ಮರಳಿ ಹೋಗಲಿಲ್ಲ. ಅಂಥ ಅಂಚು ಗಾಳಿಯಲ್ಲಿ ಪಟಪಟ ಬಡಿಯುತ್ತದೆ. ಬಡಿದಷ್ಟೂ ಸಡಿಲ, ಸಡಿಲಾದಷ್ಟೂ ಬಡಿತ.

ಅದಕ್ಕಿಂತ ಕಾಕಾನನ್ನು ಕೆರಳಿಸಿದ್ದು ಮುಂಗೊಳವೆಯ ಮೇಲಿದ್ದ ಒಂದು ತೇಪೆ. ಕಾರ್ಖಾನೆಯವರು ಆ ಸಂದನ್ನು ಅಂಕುಡೊಂಕು ಹೊಲಿಗೆಯಿಂದ ಸೇರಿಸಿ ಮೇಲೆ ಪಟ್ಟಿ ಕೊಟ್ಟಿದ್ದರು. ತೇಪೆ ಹಾಕಿದವರು ನೇರ ಹೊಲಿಗೆ ಹಾಕಿದ್ದರು, ಅದೂ ಒತ್ತೊತ್ತಾಗಿ. ಒತ್ತು ಹೊಲಿಗೆ ಗಟ್ಟಿ ಎಂದು ಜನ ತಿಳಿಯುತ್ತಾರೆ. ಅಂಚೆಚೀಟಿಯ ಸುತ್ತ ಸೂಜಿ ಚುಚ್ಚುವುದು ಹರಿಯಲು ಅನುಕೂಲವಾಗಲಿ ಎಂದು, ಗಟ್ಟಿಯಾಗಲಿ ಎಂದಲ್ಲ. ಲೆಕ್ಕ ನೋಡಿ: ಇಪ್ಪತ್ತು ಸೆಂಟಿಮೀಟರ್ ದಪ್ಪದ ಕೊಳವೆಗೆ 8 ಪಿಎಸ್‌ಐ (ಒತ್ತಡದ ಅಳತೆ, ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು) ಗಾಳಿ ತುಂಬಿದರೆ ಸಂದಿನ ಪ್ರತಿ ಸೆಂಟಿಮೀಟರಿನ ಮೇಲೆ ಸುಮಾರು ಐದೂವರೆ ಕಿಲೋ ಎಳೆತ ಬೀಳುತ್ತದೆ. ಗಾಳಿ ಬೀಸುವ ಮೊದಲೇ, ಸುಮ್ಮನೆ ಉಬ್ಬಿ ನಿಂತಿರುವಾಗಲೇ. ಒಳಗಿನ ಗಾಳಿಚೀಲ ಎಳೆತವನ್ನು ತಡೆಯುವುದಿಲ್ಲ, ಗಾಳಿಯನ್ನು ಹಿಡಿಯುತ್ತದೆ ಅಷ್ಟೆ. ಭಾರವೆಲ್ಲ ಹೊರಗಿನ ಬಟ್ಟೆ ಮತ್ತು ದಾರದ ಮೇಲೆ.

ಹಳೆಯ ವಿಂಗ್ ನೋಡುವವರಿಗೆ ಒಂದು ಸಣ್ಣ ಎಚ್ಚರ. ಗಾಳಿ ತುಂಬಿ ಒಂದು ದಿನ ಬಿಟ್ಟು ಸೋರಿಕೆ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ಹೊತ್ತಿಗೆ ಎಂದು ಯಾರೂ ಹೇಳುವುದಿಲ್ಲ. ತಗಡಿನ ಛಾವಣಿಯ ಗೋದಾಮು ಮಧ್ಯಾಹ್ನ 45 ಡಿಗ್ರಿ, ಬೆಳಗಿನ ಜಾವ 25 ಡಿಗ್ರಿ ಇದ್ದರೆ, ಬೆಳಿಗ್ಗೆ 8 ಇದ್ದ ಒತ್ತಡ ಮಧ್ಯಾಹ್ನ ಒಂಬತ್ತೂವರೆ ತೋರಿಸುತ್ತದೆ. ಮಧ್ಯಾಹ್ನ ತುಂಬಿ ಬೆಳಿಗ್ಗೆ ನೋಡಿದವನಿಗೆ ಸೋರದ ಚೀಲವೂ ಸೋರಿದಂತೆಯೇ ಕಾಣುತ್ತದೆ. ಒಂದು ದಿನ ಸಂಜೆ ಏಳಕ್ಕೆ ಅಳೆದರೆ ಮರುದಿನವೂ ಸಂಜೆ ಏಳಕ್ಕೇ ಅಳೆಯಬೇಕು. ಆ ವಿಂಗ್ ಸೋರುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ತೇಪೆಯನ್ನು ಬಿಚ್ಚಿ ಸರಿಯಾಗಿ ಹೊಲಿದುಕೊಡುತ್ತೇನೆ ಎಂದು ಕಾಕಾ ಮುಂದೆ ಬಂದ. ನಾನು ಬೇಡವೆಂದೆ. ಬಟ್ಟೆ ಹೊಚ್ಚ ಹೊಸದಿದ್ದರೂ ಬೇಡವೆನ್ನುತ್ತಿದ್ದೆ. ನಾಲ್ಕು ಚದರ ಮೀಟರ್ ಅವನಿಗೆ ಏಕೆ ಬೇಕು ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ, "ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ಹಿಡಿದಿರುತ್ತಾರೆ" ಎಂಬುದು. ವಿಡಿಯೋದಲ್ಲಿ ಇರುವವರು ಇಪ್ಪತ್ತೈದು ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ಗಾಳಿಯಲ್ಲಿ ನೆಗೆಯುವವರು. ಮಂದ ಗಾಳಿಯಲ್ಲಿ ಹಲಗೆಯಿಂದ ಬೀಳುವವರ ವಿಡಿಯೋವನ್ನು ಯಾರು ಹಾಕುತ್ತಾರೆ?

ಇಲ್ಲಿ ನನ್ನ ಕಸುಬಿನ ಒಂದು ಹಳೆಯ ಪೆಟ್ಟನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಗದಗ ಜಿಲ್ಲೆಯ ಮುಂಡರಗಿ ಕಡೆ ಜ್ಯೇಷ್ಠದ ಕೊನೆಯ ಮುಹೂರ್ತದ ಮದುವೆಯೊಂದಕ್ಕೆ ಶಾಮಿಯಾನ ಹಾಕಿದ್ದೆವು. ಬೆಳಿಗ್ಗೆ ಗಾಳಿ ಹಿತವಾಗಿತ್ತು. ಮಧ್ಯಾಹ್ನ ಅದು ಎರಡು ಪಟ್ಟಾಯಿತು ಅಷ್ಟೆ. ಗೂಟಗಳನ್ನು ನಾನು ಎರಡು ಪಟ್ಟಿನ ಲೆಕ್ಕಕ್ಕೆ ಹೊಡೆಸಿದ್ದೆ. ಶಾಮಿಯಾನ ಗೂಟ ಸಮೇತ ಎದ್ದು ಪಕ್ಕದ ಹೊಲದಲ್ಲಿ ಬಿತ್ತು. ಗಾಳಿಯ ವೇಗ ಎರಡು ಪಟ್ಟಾದರೆ ಬಟ್ಟೆಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಬೀಗರ ಮುಂದೆ ತಲೆತಗ್ಗಿಸಿ ಕಲಿತೆ. ಬಟ್ಟೆಯ ವಿಸ್ತೀರ್ಣ ಎರಡು ಪಟ್ಟಾದರೆ ಮಾತ್ರ ಬಲ ಎರಡೇ ಪಟ್ಟು.

ಇದೇ ಲೆಕ್ಕವನ್ನು ಅವನ ವಿಂಗಿಗೆ ಹಾಕಿದೆವು. ರಾಮೇಶ್ವರದಲ್ಲಿ ಐದು ಚದರ ಮೀಟರ್ ಹಿಡಿದು ಏಳಲು ಎಷ್ಟು ಗಾಳಿ ಬೇಕಾಯಿತು ಎಂದು ಕೇಳಿದರೆ, ಹದಿನೈದು ನಾಟ್ ಎಂದ. ಗಂಟೆಗೆ ಸುಮಾರು 28 ಕಿಲೋಮೀಟರ್. ಹದಿನೈದರ ವರ್ಗವನ್ನು ಐದರಿಂದ ಗುಣಿಸಿದರೆ 1125. ಅಷ್ಟೇ ಬಲ ಬೇಕೆಂದರೆ ನಾಲ್ಕು ಮೀಟರಿನದಕ್ಕೆ 16.8 ನಾಟ್, ಐದೂವರೆಗೆ 14.3, ಆರಕ್ಕೆ 13.7, ಏಳಕ್ಕೆ 12.7. ಪಟ್ಟಿ ನೋಡಿ ಅವನ ಮುಖ ಇಳಿಯಿತು. ನಾಲ್ಕರ ಬದಲು ಆರು ಎಂದು ಎರಡು ಚದರ ಮೀಟರ್ ಹೆಚ್ಚು ಬಟ್ಟೆ ಕೊಂಡರೂ ಉಳಿಯುವುದು ಮೂರು ನಾಟ್ ಮಾತ್ರ. ಗಾಳಿ ವರ್ಗದಲ್ಲಿ ಬೆಳೆಯುತ್ತದೆ, ಬಟ್ಟೆ ನೇರದಲ್ಲಿ. ಬಟ್ಟೆ ಎಂದಿಗೂ ಗಾಳಿಯ ಸಾಲ ತೀರಿಸಲಾರದು. ನುರಿತವರು ವಿಂಗನ್ನು ಬೀಸಿ ಬೀಸಿ, ಹಲಗೆಯನ್ನು ಕಾಲಿನಿಂದ ಒದ್ದು ಇದಕ್ಕಿಂತ ಕಡಿಮೆ ಗಾಳಿಯಲ್ಲೂ ಏಳುತ್ತಾರೆ. ಇವನಿಗೆ ಆ ವಿದ್ಯೆ ಇನ್ನೂ ಬಂದಿರಲಿಲ್ಲ. ಅಂಗಡಿಯವರ ಗಾತ್ರಪಟ್ಟಿ ಓದುವಾಗ ಹೊಸಬರು ಇದನ್ನು ಮರೆಯುತ್ತಾರೆ.

ಹಾಗಾದರೆ ಅವನಿಗೆ ಸಿಗುವ ಗಾಳಿ ಯಾವುದು? ನಾನು ಕಾಗದದ ಮೇಲೆ ಎರಡು ಸಾಲು ಬರೆಸಿದೆ: ಒಂದರಲ್ಲಿ ಗಾಳಿ ಬೀಸುವ ತಿಂಗಳು, ಇನ್ನೊಂದರಲ್ಲಿ ಅವನಿಗೆ ರಜೆ ಇರುವ ದಿನ.

ಅವನ ಆಸೆಯೆಲ್ಲ ಊರ ಕೆರೆಗಳ ಮೇಲಿತ್ತು. ಉಣಕಲ್ ಕೆರೆಯನ್ನು ಅವನು ದಿನವೂ ಸ್ಕೂಟರಿನಲ್ಲಿ ದಾಟುತ್ತಾನೆ. ಅಲ್ಲಿ ಸಂಜೆ ಮುಖಕ್ಕೆ ಬೀಸುವ ಗಾಳಿಯನ್ನು ಕಂಡು, ನಾಲ್ಕು ಗಂಟೆ ಬಸ್ಸಿನಲ್ಲಿ ಕೂರುವ ಬದಲು ಇಲ್ಲೇ ಆಗಬಾರದೇ ಎಂದ. ಗಾಳಿಯ ದಾರಿಯಲ್ಲಿ ಒಂದು ಕಟ್ಟಡ ನಿಂತರೆ ಅದರ ಎತ್ತರದ ಇಪ್ಪತ್ತು ಪಟ್ಟು ದೂರದವರೆಗೆ ಗಾಳಿ ಕಲಕಿಹೋಗಿರುತ್ತದೆ ಎಂಬುದು ಗಾಳಿಯಂತ್ರ ನಿಲ್ಲಿಸುವವರ ಹಳೆಯ ಲೆಕ್ಕ. ಹದಿನೈದು ಮೀಟರಿನ ಕಟ್ಟಡಕ್ಕೆ ಮುನ್ನೂರು ಮೀಟರ್. ಉಣಕಲ್ಲಿನ ಸುತ್ತ ಇರುವ ಮನೆ, ಮರ, ರಸ್ತೆ ನೋಡಿದರೆ ಶುದ್ಧ ಗಾಳಿ ಉಳಿಯುವ ನೀರು ಎಷ್ಟು? ಮೇಲಾಗಿ ನೀರಿನ ಮೇಲೆ ಹರಡುವ ಅಂತರಗಂಗೆ ಕಳೆ. ನೀರಿನೊಳಗೆ ಮುಕ್ಕಾಲು ಮೀಟರ್ ಇಳಿದ ಕಂಬಕ್ಕೆ ಅದರ ಬೇರು ಸುತ್ತಿದರೆ ಹಲಗೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ.

ಆಮೇಲೆ ಗದಗಿಗೆ ಹೋಗೋಣವೆಂದ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ನಾವಿಬ್ಬರೂ ಒಂದು ಭಾನುವಾರ ಡಂಬಳದ ಕೆರೆಯವರೆಗೂ ಹೋಗಿ ನೋಡಿದೆವು. ದೂರದಲ್ಲಿ ಯಂತ್ರಗಳು ತಿರುಗುತ್ತಲೇ ಇದ್ದವು, ಏರಿಯ ಮೇಲೆ ನಮ್ಮ ಅಂಗಿ ಕೂಡ ಅಲುಗಲಿಲ್ಲ. ಆ ಯಂತ್ರಗಳು ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗಕ್ಕೇ, ಅಂದರೆ ಆರೇಳು ನಾಟ್‌ಗೇ ತಿರುಗಲು ಶುರುಮಾಡುತ್ತವೆ. ಮೇಲಾಗಿ ಅವು ಗುಡ್ಡದ ನೆತ್ತಿಯ ಮೇಲೆ, ಎಂಬತ್ತು ಮೀಟರ್ ಎತ್ತರದಲ್ಲಿ ಇರುವಂಥವು. ಎಂಬತ್ತು ಮೀಟರ್ ಮೇಲೆ ಇರುವ ಗಾಳಿ ನೀರಿನಿಂದ ಮೂರು ಮೀಟರ್ ಎತ್ತರಕ್ಕೆ ಇಳಿದಾಗ ಬಯಲು ಜಾಗದಲ್ಲೂ ಅದರ ಮುಕ್ಕಾಲು ಪಾಲು ಉಳಿಯುವುದಿಲ್ಲ. ಸುಮಾರು ಅರುವತ್ತು ಪ್ರತಿಶತ ಎನ್ನಿ. ತಿರುಗುವ ಯಂತ್ರ ಇವನ ಪಾಲಿಗೆ ಗಾಳಿಯ ಗುರುತಲ್ಲ.

ಗದಗ ಸೀಮೆಯ ನಿಜವಾದ ತೊಡಕು ಇನ್ನೊಂದು. ಅಲ್ಲಿ ಗಾಳಿ ಬಿರುಸಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮ ಆಷಾಢದ ಗಾಳಿ. ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗಾಳಿ ಇರುವಾಗ ಕೆರೆಯಲ್ಲಿ ನೀರಿಲ್ಲ, ನೀರು ಬಂದಾಗ ಗಾಳಿ ಹೋಗಿರುತ್ತದೆ. ತುಂಗಭದ್ರೆಯ ಮೇಲಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಮಲೆನಾಡಿನ ಮಳೆಗೆ ತುಂಬುವುದರಿಂದ ಆ ಮಾತಿಗೆ ಹೊರತು. ಆದರೆ ಗಾಳಿಯ ತಿಂಗಳು, ಹೊಳೆ ಏರುವ ತಿಂಗಳು, ಗೇಟು ಎತ್ತುವ ತಿಂಗಳು ಮೂರೂ ಒಂದೇ. ಹತ್ತು ಸೆಕೆಂಡು ಹಾರುವವನನ್ನು ಅಲ್ಲಿಗೆ ಕಳಿಸಲು ನನ್ನ ಅಕ್ಕನ ಮುಖ ನೆನೆದರೆ ಸಾಕು, ಮನಸ್ಸಾಗುವುದಿಲ್ಲ.

ಉಳಿದದ್ದು ಕಡಲು. ಕಾರವಾರ ಇಲ್ಲಿಂದ ಸುಮಾರು 165 ಕಿಲೋಮೀಟರ್, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದರೆ ನಾಲ್ಕು ಗಂಟೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ತಿಂಗಳಿಗೆ ಎರಡು ಶನಿವಾರ-ಭಾನುವಾರ ಹೋಗಬಲ್ಲೆ ಎಂದ. ಆ ತಿಂಗಳುಗಳಲ್ಲಿ ನೆಲ ಕಾದ ಮೇಲೆ, ಮಧ್ಯಾಹ್ನ, ವಾಯವ್ಯದಿಂದ ಕಡಲ ಗಾಳಿ ಬರುತ್ತದೆ. ಹತ್ತರಿಂದ ಹದಿನಾಲ್ಕು ನಾಟ್, ಒಳ್ಳೆಯ ದಿನ ಇನ್ನೂ ತುಸು ಹೆಚ್ಚು. ಬೆಳಗಿನದು ನೆಲದಿಂದ ಕಡಲಿಗೆ ಬೀಸುವ ಗಾಳಿ. ಕಲಿಯುವವನನ್ನು ಅದು ದಡದಿಂದ ಒಳಕ್ಕೆ ಒಯ್ಯುತ್ತದೆ, ಆದ್ದರಿಂದ ಆಗ ನೀರಿಗೆ ಇಳಿಯಕೂಡದು. ಮಳೆಗಾಲದಲ್ಲಿ ಆ ಕಡಲಿಗೆ ಇಳಿಯುವ ಮಾತೇ ಇಲ್ಲ. ಇನ್ನು ಜುಲೈಯಲ್ಲಿ ಒಂದು ವಾರ ರಜೆ ಹಾಕಿ ರಾಮೇಶ್ವರ. ಅಲ್ಲಿ ನೈಋತ್ಯದ ಗಾಳಿ ಹದಿನೆಂಟು ಇಪ್ಪತ್ತು ನಾಟ್ ಸುಲಭವಾಗಿ ಮುಟ್ಟುತ್ತದೆ.

ಕೂಡಿಸಿದರೆ ವರ್ಷಕ್ಕೆ ಹದಿನೆಂಟು ಇಪ್ಪತ್ತು ದಿನ ಮಂದ ಗಾಳಿ, ಆರು ದಿನ ಬಿರುಗಾಳಿ. ಆ ಆರು ದಿನಕ್ಕೆ ಕಲಿಸುವವರ ಬಳಿಯೇ ನಾಲ್ಕು ಮೀಟರಿನ ವಿಂಗ್ ಬಾಡಿಗೆಗೆ ಸಿಗುತ್ತದೆ. ಗಾಳಿ ಬಂದಾಗ ತೂರಿಕೊ ಎಂದು ಗಾದೆ ಮಾಡಿದ ರೈತನಿಗೆ ಕಣ ಮನೆಯ ಹಿಂದೆಯೇ ಇತ್ತು, ಮೊರ ಕೈಯಲ್ಲೇ ಇತ್ತು. ಇವನ ಕಣ ಘಾಟಿಯ ಕೆಳಗಿದೆ, ಶನಿವಾರ ಮಾತ್ರ ತೆರೆಯುತ್ತದೆ. ಹಾಗಾಗಿ ಸ್ವಂತಕ್ಕೆ ಕೊಳ್ಳುವ ವಿಂಗ್ ಮಂದಗಾಳಿಯದೇ ಆಗಬೇಕು. ನಾಲ್ಕು ಮೀಟರಿನ ಚೀಲ ಅದೇ ವಾರ ಕರಾವಳಿಗೆ ವಾಪಸಾಯಿತು.

ಈಗ ಹುಡುಗ ಇನ್ನೊಂದು ತುದಿಗೆ ಹಾರಿದ. "ಹಾಗಾದರೆ ಏಳು ಮೀಟರ್ ತೆಗೆದುಕೊಳ್ಳುತ್ತೇನೆ, ಮಾಮಾ." ನನಗೂ ಮೊದಲು ಅದೇ ಸರಿ ಎನ್ನಿಸಿತ್ತು. ತಡೆದದ್ದು ಒಂದು ಆಕಸ್ಮಿಕ. ಅವನ ಹಲಗೆಯನ್ನು ಗೋದಾಮಿನಲ್ಲಿ ಇಡಲು ತಂದಾಗ ಫಾಯಿಲಿನ ಮೇಲೆ ಅಚ್ಚಾಗಿದ್ದ ಅಂಕಿ ಕಣ್ಣಿಗೆ ಬಿತ್ತು: 1250. ಮುಂದಿನ ಫಾಯಿಲ್ ರೆಕ್ಕೆಯ ವಿಸ್ತೀರ್ಣ, ಚದರ ಸೆಂಟಿಮೀಟರುಗಳಲ್ಲಿ. ರಾಮೇಶ್ವರದಲ್ಲಿ ಕಲಿತ ಹಲಗೆಗೆ ಎಷ್ಟಿತ್ತು ಎಂದು ಕೇಳಿದೆ. ನೆನಪಿಲ್ಲ ಎಂದ. ಫೋನು ಮಾಡಿಸಿದೆ. 1900.

ಇಡೀ ಪ್ರಕರಣದ ಗಂಟು ಇಲ್ಲಿತ್ತು. ನೀರಿನೊಳಗಿನ ರೆಕ್ಕೆಗೂ ಅದೇ ವರ್ಗದ ಲೆಕ್ಕ: ಎತ್ತುವ ಬಲ ವಿಸ್ತೀರ್ಣಕ್ಕೆ ನೇರ, ವೇಗಕ್ಕೆ ವರ್ಗ. ಆಕಾರ ಒಂದೇ ಎಂದಿಟ್ಟುಕೊಂಡರೆ, 1900 ಇದ್ದದ್ದು 1250 ಆದಾಗ ಅದೇ ಮನುಷ್ಯನನ್ನು ಎತ್ತಲು ಹಲಗೆಗೆ ಶೇ. 23ರಷ್ಟು ಹೆಚ್ಚು ವೇಗ ಬೇಕು. ನಾವು ಇಷ್ಟು ದಿನ ಬರೆದಿಟ್ಟ ಹದಿನೈದು ನಾಟ್ ಎಂಬ ಅಂಕಿ ಕಲಿಸುವವರ ಫಾಯಿಲಿನದು, ಇವನದಲ್ಲ. ಇವನ ಫಾಯಿಲಿಗೆ ಏಳು ಮೀಟರಿನ ವಿಂಗ್ ಕೂಡ ಮಂದಗಾಳಿಯಲ್ಲಿ ಸಾಲುತ್ತಿರಲಿಲ್ಲ. ಮೇಲಿನ ರೆಕ್ಕೆಗೆ ಸುರಿಯಲು ಹೊರಟಿದ್ದ ದುಡ್ಡಿನಲ್ಲಿ ಒಂದು ಪಾಲು ಕೆಳಗಿನ ರೆಕ್ಕೆಗೆ ಹೋಗಬೇಕಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ವಿಂಗ್ ಎಂದೇ ಹೆಸರಿಟ್ಟ ಪುಣ್ಯಾತ್ಮರಿಗೆ ನಮಸ್ಕಾರ. ಅದೇ ತಯಾರಕರ 1850ರ ಮುಂದಿನ ರೆಕ್ಕೆ, ಹಳೆಯದು, ಅದೇ ಕಂಬಕ್ಕೆ ಕೂರುವಂಥದ್ದು, ಮೂರು ವಾರ ಹುಡುಕಿದ ಮೇಲೆ ಸಿಕ್ಕಿತು. ಇಂಥದ್ದು ಹಳೆಯದಾದರೂ ನನಗೆ ಅಂಜಿಕೆಯಿಲ್ಲ. ಗಟ್ಟಿ ವಸ್ತು, ಬಿರುಕು ಇದ್ದರೆ ಬಹುಮಟ್ಟಿಗೆ ಕಾಣುತ್ತದೆ, ಬಟ್ಟೆಯ ಹಾಗೆ ಬೇಗ ಸೋಲುವುದಿಲ್ಲ.

ಹಾಗಾದ ಮೇಲೆ ಉಳಿದ ಸ್ಪರ್ಧೆ ಐದು, ಐದೂವರೆ, ಆರರ ನಡುವೆ. ಆರನ್ನು ನಾನೇ ಹಿಡಿದಿದ್ದೆ. ಕಾಕಾ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇವನು ಗಿಡ್ಡ ಇದ್ದಾನೆ, ಇವನಿಗೆ ಸೆರಗು ನೆಲ ಗುಡಿಸುತ್ತದೆ" ಎಂದ. ನಗುವ ಮಾತಲ್ಲ ಅದು. ಆರು ಮೀಟರಿನ ವಿಂಗ್ ತುದಿಯಿಂದ ತುದಿಗೆ ನಾಲ್ಕು ಮೀಟರಿನ ಆಸುಪಾಸು ಇರುತ್ತದೆ. ಕಲಿಯುವವನು ಮೊದಲು ಹಲಗೆಯ ಮೇಲೆ ಮೊಣಕಾಲೂರಿ ವಿಂಗನ್ನು ಗಾಳಿಗೆ ವಾಲಿಸಬೇಕು. ಕೆಳತುದಿ ನೀರಿಗೆ ತಾಗಿತೋ, ವಿಂಗ್ ಅಲ್ಲೇ ಮುಗ್ಗರಿಸಿ ಮಗುಚುತ್ತದೆ.

ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಆಕಾರ ಬರೆದೆವು, ತಯಾರಕರು ಕೊಟ್ಟ ಅಳತೆಯಂತೆ. ಮುಂದಂಚಿನ ಬಾಗಿಗೆ ಬಿದಿರಿನ ದಬ್ಬೆ ಬಗ್ಗಿಸಿ, ನಡುವೆ ಒಂದು ಕೋಲು ಕಟ್ಟಿ, ಹಳೆಯ ಶಾಮಿಯಾನದ ಬಟ್ಟೆ ಹೊದಿಸಿದೆವು. ತೂಕ ಸರಿಬರಲಿಲ್ಲ. ನಿಜವಾದ ವಿಂಗ್ ಮೂರು ಕಿಲೋ ಸುತ್ತಮುತ್ತ, ನಮ್ಮದು ಅದರ ಎರಡರಷ್ಟು. ನಮಗೆ ಬೇಕಿದ್ದದ್ದು ತುದಿ ಎಲ್ಲಿಗೆ ಬರುತ್ತದೆ ಎಂಬುದು ಮಾತ್ರ. ಹುಡುಗ ಗೋಣಿಯ ಮೇಲೆ ಮೊಣಕಾಲೂರಿ ಕೂತ, ವಾಲಿಸಿದ. ಆರರದ್ದು ಅರ್ಧ ವಾಲುವುದರೊಳಗೆ ನೆಲ ಗುಡಿಸಿತು. ಐದರದ್ದು ಆರಾಮ. ಐದೂವರೆಯಲ್ಲಿ ಎರಡು ಬಗೆ ಕಟ್ಟಿದೆವು: ಒಂದು ಉದ್ದ ರೆಕ್ಕೆಯದು, ಇನ್ನೊಂದು ಅಷ್ಟೇ ವಿಸ್ತೀರ್ಣವನ್ನು ಹಿಂದಕ್ಕೆ ಅಗಲವಾಗಿಸಿ ತುದಿ ಮೊಂಡು ಮಾಡಿದ್ದು. ಮೊಂಡಿನದು ದಾಟಿತು, ಬೆರಳೆರಡು ಉಳಿಸಿ. ಉದ್ದ ರೆಕ್ಕೆ ಗಾಳಿಗೆದುರು ಚೆನ್ನಾಗಿ ಏರುತ್ತದೆ ಎನ್ನುತ್ತಾರೆ, ಇರಬಹುದು. ಮೊದಲು ಏಳುವುದು ಮುಖ್ಯ.

ಹಿಡಿಕೆ, ಕಿಟಕಿ ಇತ್ಯಾದಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಬಟ್ಟೆಯ ಹಿಡಿಕೆಗಿಂತ ಗಟ್ಟಿ ಹಿಡಿಕೆ ಒಳ್ಳೆಯದು, ಕೈ ತಿರುಗಿಸಿದಷ್ಟು ವಿಂಗ್ ತಿರುಗುತ್ತದೆ. ಪಾರದರ್ಶಕ ಕಿಟಕಿಯಿಂದ ತೂಕ ಕೊಂಚ ಹೆಚ್ಚುತ್ತದೆ. ಆದರೂ ಮೀನುಗಾರರ ದೋಣಿ ಓಡಾಡುವ ಕಡೆ ಎದುರಿಗೆ ಯಾರಿದ್ದಾರೆಂದು ಕಾಣದೆ ಸಾಗುವುದು ಬೇಡವೆಂದು ಇರಲಿ ಎಂದೆ. ಬಣ್ಣವನ್ನು ಅಕ್ಕ ಆರಿಸಿದಳು: ಕಿತ್ತಳೆ. ದಡದಿಂದ ಕಾಣಬೇಕಂತೆ.

ನವೆಂಬರಿನಲ್ಲಿ ಹೊಸ ಐದೂವರೆ ಬಂತು. ಇನ್ನು ಮುಂದಿನದು ನನ್ನ ತಪ್ಪಿನ ಕಥೆ.

ಕವಾಟದ ಪಕ್ಕ 8 ಪಿಎಸ್‌ಐ ಎಂದು ಅಚ್ಚಾಗಿತ್ತು. ಬಿಸಿಲಿಗೆ ಒತ್ತಡ ಏರುತ್ತದೆ ಎಂದು ನಾನೇ ಗೋದಾಮಿನಲ್ಲಿ ನೋಡಿದ್ದೆನಲ್ಲ, ಐದಕ್ಕೆ ನಿಲ್ಲಿಸು, ಹೊಲಿಗೆ ಬಾಳುತ್ತದೆ ಎಂದು ಹೇಳಿ ಕಳಿಸಿದೆ. ತಾಡಪತ್ರಿಯವನ ಬುದ್ಧಿ ಅದು. ಗಾಳಿಗೆ ತುಸು ಸಡಿಲ ಬಿಟ್ಟರೆ ಬಟ್ಟೆ ಉಳಿಯುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಎತ್ತರದ ಬ್ಯಾನರುಗಳಿಗೆ ನಾವು ನಡುವೆ ಅರ್ಧಚಂದ್ರದ ಸೀಳು ಕೊಡುವುದೂ ಅದಕ್ಕೇ. ಡಿಸೆಂಬರಿನ ಮೊದಲ ಸಲ ಗಾಳಿಯೇ ಇರಲಿಲ್ಲ, ಹನ್ನೊಂದು ನಾಟ್, ಈಜಿ ಬಂದ. ಜನವರಿಯಲ್ಲಿ ಹದಿನಾಲ್ಕು ಇದ್ದರೂ ಏಳಲಿಲ್ಲ. ಗೆಳೆಯ ತೆಗೆದ ವಿಡಿಯೋ ಕಳಿಸಿದ. ಗಲ್ಲೆಯಲ್ಲಿ ಕೂತು ನಾಲ್ಕು ಸಲ ನೋಡಿದೆ. ಗಾಳಿ ಬಡಿದಾಗಲೆಲ್ಲ ಮುಂಗೊಳವೆ ನಟ್ಟನಡುವೆ ಮಡಿಚಿಕೊಂಡು ಎರಡೂ ತುದಿ ಮೇಲೇಳುತ್ತಿದ್ದವು, ಹಿಂದಿನ ಬಟ್ಟೆ ಪಟಪಟ ಬಡಿಯುತ್ತಿತ್ತು. ಐದೂವರೆ ಮೀಟರ್ ಕೊಂಡು ನಾಲ್ಕರ ಕೆಲಸ ತೆಗೆಯುತ್ತಿದ್ದ ಹುಡುಗ, ಅದೂ ನನ್ನ ಮಾತು ಕೇಳಿ. ಶಾಮಿಯಾನ ಗಾಳಿಯನ್ನು ಬಿಟ್ಟುಕೊಟ್ಟು ಬದುಕುತ್ತದೆ. ವಿಂಗಿಗೆ ಬಿಗಿಯೇ ಆಕಾರ, ಆಕಾರವೇ ಬಲ. ಸಡಿಲ ಬಿಟ್ಟರೆ ಹೊಲಿಗೆ ಉಳಿಯುವುದಿರಲಿ, ಬಡಿತಕ್ಕೆ ಬಟ್ಟೆ ಬೇಗ ಹೋಗುತ್ತದೆ. ಆ ನಾಲ್ಕು ಮೀಟರಿನ ಹಳೆಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೂ ನನಗೆ ಇದು ಹೊಳೆಯಬಾರದೇ ಎಂದು ಆ ದಿನ ಬೇಸರವಾಯಿತು.

ಫೋನು ಮಾಡಿ, ಅಚ್ಚಾದ ಅಂಕಿಗೇ ತುಂಬು ಎಂದೆ. ದಡದಲ್ಲಿ ಬಿಸಿಲಿಗೆ ಇಟ್ಟು ಹೋಗಬೇಡ, ಊಟಕ್ಕೆ ಹೋಗುವಾಗ ತುಸು ಗಾಳಿ ಬಿಡು, ಬಂದು ಮತ್ತೆ ತುಂಬು. ಅವನು ಬಹಳ ಸೌಜನ್ಯದಿಂದ, "ಆಯಿತು ಮಾಮಾ" ಎಂದ. ಆ ಸೌಜನ್ಯ ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಅದೇ ತಿಂಗಳ ಕೊನೆಯ ಭಾನುವಾರ ಎದ್ದ. ಹದಿಮೂರು ಹದಿನಾಲ್ಕರ ಗಾಳಿಯಲ್ಲಿ, ನಲವತ್ತು ಸೆಕೆಂಡು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಟ್ಟು ಹದಿನಾರು ದಿನ ಕಡಲಿಗೆ ಹೋಗಿದ್ದ. ಐದು ದಿನ ವಿಂಗಿಗೆ ಗಾಳಿ ತುಂಬಿ, ನೀರಿಗಿಳಿಯದೆ ಹಾಗೆಯೇ ಗಾಳಿ ಬಿಟ್ಟು ಬಂದ. ಹಾರಿದ್ದು ಏಳು ದಿನ. ಹನ್ನೆರಡು ನಾಟ್‌ನ ಕೆಳಗೆ ಒಮ್ಮೆಯೂ ಏಳಲಿಲ್ಲ, ಏಳು ಮೀಟರ್ ಇದ್ದಿದ್ದರೆ ಇನ್ನೂ ಒಂದೆರಡು ದಿನ ಸಿಗುತ್ತಿತ್ತೇನೋ ಎಂದು ಈಗಲೂ ವಾದಿಸುತ್ತಾನೆ. ಮೊಣಕಾಲ ಮೇಲಿನಿಂದ ಏಳುವುದು ಅವನಿಗೆ ಈಗ ಅಭ್ಯಾಸವಾಗಿರುವುದರಿಂದ ಆ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಈ ಜುಲೈಯಲ್ಲಿ ರಾಮೇಶ್ವರಕ್ಕೆ ಐದೂವರೆಯನ್ನು ಮನೆಯಲ್ಲೇ ಬಿಟ್ಟು ಹೋದ. ಅಲ್ಲಿ ನಾಲ್ಕು ಮೀಟರ್ ಬಾಡಿಗೆಗೆ ಪಡೆದು ಇಪ್ಪತ್ತು ನಾಟ್‌ನಲ್ಲಿ ಇಡೀ ಮಧ್ಯಾಹ್ನ ಓಡಾಡಿದನಂತೆ. ಕಳಿಸಿದ ಚಿತ್ರದಲ್ಲಿ ಕಂಡದ್ದು ಬಾಡಿಗೆಯ ವಿಂಗಿನ ಹಿಂಬದಿಯ ಅಂಚು. ಕಾಕಾನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಹೊಲಿಗೆ ಪರವಾಗಿಲ್ಲ" ಎಂದ, ಮತ್ತೆ ಮಶೀನಿಗೆ ಬಗ್ಗಿದ. ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದ ಮೂರು ಗೆರೆಗಳು ಇನ್ನೂ ಇವೆ. ಹುಡುಗರು ಅದರ ಮೇಲೆಯೇ ತಾಡಪತ್ರಿ ಹಾಸಿ ಅಳೆಯುತ್ತಾರೆ, ಐದೂವರೆಯ ಗೆರೆಯೊಂದು ಮಾತ್ರ ಸವೆದು ಮಸುಕಾಗಿದೆ.